ನಿಮಗಿದು ಗೊತ್ತೆ? ಮನೆ ಅಲ್ಲೇ ಇತ್ತು, ಗಡಿ ಸರಿಯಿತು!

ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಪರ್ವತವನ್ನು ತಂಗುಮನೆಯಿಂದ ತಂಗುಮನೆಗೆ ನಡೆದು ಸುತ್ತುವ ಚಾರಣಿಗರು ಇಟಲಿ–ಸ್ವಿಟ್ಜರ್ಲೆಂಡ್ ಗಡಿ ದಾಟುತ್ತಾರೆ. ಆ ದಾರಿಯ ಸಮೀಪ, 3,480 ಮೀಟರ್ ಎತ್ತರದಲ್ಲಿರುವ ‘ಗುಯಿದೆ ದೆಲ್ ಚೆರ್ವಿನೊ’ ತಂಗುಮನೆಯನ್ನು ಮಾತ್ರ ಗಡಿಯೇ ದಾಟಿತು! 1984ರಲ್ಲಿ ಕಟ್ಟಿದಾಗ ಅದು ಪೂರ್ತಿ ಇಟಲಿಯಲ್ಲಿತ್ತು. ಪಕ್ಕದ ಥಿಯೊಡುಲ್ ಹಿಮನದಿ ಕರಗುತ್ತ ಹೋದಂತೆ ಕಟ್ಟಡದ ಮೂರನೇ ಎರಡು ಭಾಗ ಲೆಕ್ಕಕ್ಕೆ ಸ್ವಿಸ್ ನೆಲಕ್ಕೆ ಸೇರಿತು. ಗಡಿಕಲ್ಲು ನೆಟ್ಟಿದ್ದರೆ ಈ ತಕರಾರೇ ಇರುತ್ತಿರಲಿಲ್ಲವಲ್ಲ ಎನ್ನಬಹುದು. ಬಂಡೆಯ ಮೇಲಾದರೆ ಸರಿ. ಹಿಮನದಿಯೇ ಜಾರುವಾಗ ಅದರ ಮೇಲಿನ ಕಲ್ಲು ನಿಂತೀತೆ? ಹಾಗಾಗಿ ನೀರು ಎರಡು ಕಡೆಗೆ ಒಡೆದು ಹರಿಯುವ ಏಣೇ ಅಲ್ಲಿ ಗಡಿ. ಮಂಜು ಕರಗಿದರೆ ಏಣು ಸರಿಯುತ್ತದೆ, ಜೊತೆಗೆ ದೇಶವೂ. ಈ ಭಾಗದ ಹೊಸ ಗಡಿರೇಖೆಗೆ ಸ್ವಿಸ್ ಸರ್ಕಾರ ಒಪ್ಪಿದ್ದು 2024ರಲ್ಲಿ.