ತೂಕ ಇಳಿದರೆ ಸಾಲದು, ಇಳಿದುದೇನೆಂದು ತಿಳಿಯಬೇಕು

ಹಿಂದೆ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರವೊಂದು ನಿಂತಿರುತ್ತಿತ್ತು. ನಾಣ್ಯ ಹಾಕಿದರೆ ರಟ್ಟಿನ ಚೀಟಿಯೊಂದು ಹೊರಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಭವಿಷ್ಯವನ್ನು ನಾವು ನಕ್ಕು ಬಿಡುತ್ತಿದ್ದೆವು, ತೂಕವನ್ನು ಮಾತ್ರ ನಂಬುತ್ತಿದ್ದೆವು. ಆ ಅಂಕಿಯೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದು ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯಿಂದ ನಮಗೆ ಮನವರಿಕೆಯಾಯಿತು.

ನಮ್ಮ ಅತ್ತಿಗೆಯವರಿಗೆ 54ರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ತೂಕ ಇಳಿಸಿರೆಂದು ವೈದ್ಯರು ಸೂಚಿಸಿ, ಅಂದೇ ದೇಹರಚನೆಯ ಪರೀಕ್ಷೆಯನ್ನೂ ಮಾಡಿಸಿದರು. ತೂಕ 70 ಕಿಲೋ. ಅದರಲ್ಲಿ ಕೊಬ್ಬು ಶೇಕಡಾ 40, ಅಂದರೆ 28 ಕಿಲೋ. ಅತ್ತಿಗೆಯವರದು ಹಟದ ಸ್ವಭಾವ. ರಾತ್ರಿಯ ರೊಟ್ಟಿಯನ್ನು ಬಿಟ್ಟರು, ಕಾಳುಪಲ್ಯವನ್ನು ಬಿಟ್ಟರು, ಹಣ್ಣು ಮತ್ತು ಚಹಾದ ಮೇಲೆಯೇ ದಿನ ದೂಡಿದರು. ಮೂರು ತಿಂಗಳಲ್ಲಿ 6 ಕಿಲೋ ಇಳಿಯಿತು. ಮನೆಗೆ ಬಂದವರೆಲ್ಲ ಹೊಗಳಿದರು, ನಾವೂ ಹೊಗಳಿದೆವು. ಆದರೆ ತುಂಬಿದ ಕೊಡ ಎತ್ತುವಾಗ ಅವರ ಕೈ ನಡುಗತೊಡಗಿತ್ತು. ಮಣೆಯ ಮೇಲಿಂದ ಏಳಲು ಗೋಡೆಯ ಆಸರೆ ಬೇಕಾಗುತ್ತಿತ್ತು.

ಎರಡನೆಯ ಪರೀಕ್ಷೆ ಕಾರಣವನ್ನು ಬಯಲು ಮಾಡಿತು. 64 ಕಿಲೋ ತೂಕದಲ್ಲಿ ಕೊಬ್ಬು ಶೇಕಡಾ 39, ಅಂದರೆ ಸುಮಾರು 25 ಕಿಲೋ. ಕಳೆದುಹೋದ 6 ಕಿಲೋಗಳಲ್ಲಿ ಕೊಬ್ಬು 3 ಕಿಲೋ ಮಾತ್ರ. ಉಳಿದ 3 ಕಿಲೋ ಸ್ನಾಯು ಹಾಗೂ ನೀರು. ಬೇಡವಾದುದರ ಜೊತೆಗೆ ಬೇಕಾದುದನ್ನೂ ಅವರು ಕಳೆದುಕೊಂಡಿದ್ದರು.

ದೇಹರಚನೆ ಎಂದರೇನು?

ನಮ್ಮ ಶರೀರವನ್ನು ಎರಡು ಭಾಗಗಳಾಗಿ ಭಾವಿಸಿಕೊಳ್ಳಬಹುದು. ಒಂದು ಕೊಬ್ಬು, ಮತ್ತೊಂದು ಸ್ನಾಯು, ಎಲುಬು, ಅಂಗಾಂಗ, ನೀರು ಇವೆಲ್ಲ ಸೇರಿದ ಭಾಗ. ಕೊಬ್ಬು ನೀರಿಗಿಂತ ಹಗುರ, ಸ್ನಾಯು ನೀರಿಗಿಂತ ಭಾರ. ಈ ವ್ಯತ್ಯಾಸವೇ ಪರೀಕ್ಷೆಗೆ ಮೊದಲು ದಾರಿ ಮಾಡಿಕೊಟ್ಟಿತು. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ ಎಂಬುವರು ಜನರನ್ನು ನೀರಿನಲ್ಲಿ ಮುಳುಗಿಸಿ ತೂಗುವ ವಿಧಾನವನ್ನು ಬಳಸಿ 1942ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಎತ್ತರ-ತೂಕದ ಕೋಷ್ಟಕದ ಪ್ರಕಾರ ಸೇನೆಗೆ ಅನರ್ಹರೆನಿಸಬಹುದಾಗಿದ್ದ ಫುಟ್ಬಾಲ್ ಆಟಗಾರರಲ್ಲಿ ಅನೇಕರ ಮೈಯಲ್ಲಿದ್ದುದು ಕೊಬ್ಬಲ್ಲ, ಕಟ್ಟುಮಸ್ತಾದ ಸ್ನಾಯು ಎಂಬುದು ಆಗ ತಿಳಿದುಬಂದಿತು.

ಇದರ ಮಗ್ಗುಲು ಬದಲಿಸಿದ ಉದಾಹರಣೆ ನಮ್ಮ ನೆರೆಯ ಪುಣೆಯದು. ಅಲ್ಲಿಯ ಸಂಶೋಧಕ ವೈದ್ಯ ಡಾ. ಚಿತ್ತರಂಜನ ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮದೇ ಶರೀರಗಳನ್ನು ಹೋಲಿಸಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. ಇಬ್ಬರಿಗೂ 22.3. ಆದರೆ ಯುಡ್ಕಿನ್ ಅವರಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2! ನೋಟಕ್ಕೆ ತೆಳ್ಳಗೆ, ಒಳಗೆ ಕೊಬ್ಬು. ಇದು ನಮ್ಮ ನಾಡಿನ ಅನೇಕರ ಮೈಕಟ್ಟು. ಭಾರತೀಯ ಶಿಶುಗಳು ಹುಟ್ಟುವಾಗಲೇ ಹಗುರವಾಗಿದ್ದರೂ ಅವುಗಳ ಬೆನ್ನಿನ ಭಾಗದ ಕೊಬ್ಬು ಅಷ್ಟಾಗಿ ಕಡಿಮೆಯಿರುವುದಿಲ್ಲವೆಂದು ಪುಣೆ ಮತ್ತು ಮೈಸೂರುಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಆದ್ದರಿಂದಲೇ ಭಾರತೀಯರಲ್ಲಿ ಬಿ.ಎಂ.ಐ. 23ನ್ನು ಮುಟ್ಟಿದಾಗಲೇ ಎಚ್ಚರ ವಹಿಸಬೇಕೆಂದು ತಜ್ಞರು ಹೇಳುತ್ತಾರೆ.

ಪರೀಕ್ಷೆಯ ಬಗೆಗಳು

ಇಂದು ಹೆಚ್ಚು ಬಳಕೆಯಲ್ಲಿರುವುದು ವಿದ್ಯುತ್ ತಡೆಯನ್ನು ಅಳೆಯುವ ಯಂತ್ರ. ಅದರ ಮೇಲೆ ಬರಿಗಾಲಿನಲ್ಲಿ ನಿಂತರೆ ನಮ್ಮ ಅರಿವಿಗೆ ಬಾರದಷ್ಟು ಸೌಮ್ಯವಾದ ವಿದ್ಯುತ್ ಮೈಯಲ್ಲಿ ಹರಿಯುತ್ತದೆ. ನೀರು ಹೆಚ್ಚಾಗಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಸಾಗುತ್ತದೆ. ಕೊಬ್ಬು ಅದನ್ನು ತಡೆಯುತ್ತದೆ. ಈ ತಡೆಯಿಂದ ಯಂತ್ರವು ಲೆಕ್ಕ ಹಾಕುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇದನ್ನು ಬಳಸಕೂಡದು. ಗರ್ಭಿಣಿಯರೂ ದೂರವಿರುವುದು ಲೇಸು.

ಎಲುಬಿನ ಸಾಂದ್ರತೆಯನ್ನು ನೋಡುವ ಡೆಕ್ಸಾ ಎಂಬ ಕ್ಷಕಿರಣ ಯಂತ್ರವು ಇನ್ನೂ ನಿಖರವಾದುದು, ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ದೊರಕುತ್ತದೆ. ಚರ್ಮವನ್ನು ಚಿವುಟಿ ಹಿಡಿದು ಮಡಿಕೆಯ ದಪ್ಪವನ್ನು ಅಳೆಯುವ ಕ್ಯಾಲಿಪರ್ ಕೂಡ ಉಂಟು. ಅದಕ್ಕೆ ಪಳಗಿದ ಕೈ ಬೇಕು. ಇವಾವುವೂ ಸಿಗದ ಊರಿನಲ್ಲಿ ದರ್ಜಿಯ ಟೇಪೇ ಸಾಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಸೇರುತ್ತಿದೆಯೆಂದು ತಿಳಿಯಬೇಕು.

ಅಳೆಯುವವರು ಗಮನಿಸಬೇಕಾದುದು

ಯಂತ್ರದ ಒಂದು ದಿನದ ಅಂಕಿಯನ್ನು ಕಲ್ಲಿನ ಬರಹವೆಂದು ಭಾವಿಸಬಾರದು. ನೀರು ಕುಡಿದರೂ, ಬೆವರಿದರೂ, ಊಟ ಮಾಡಿದರೂ ಅದು ಏರಿಳಿಯುತ್ತದೆ. ಆದುದರಿಂದ ಬೆಳಗಿನ ಶೌಚ ತೀರಿಸಿ, ಬರಿಹೊಟ್ಟೆಯಲ್ಲಿ, ವ್ಯಾಯಾಮಕ್ಕೆ ಮೊದಲು, ಪ್ರತಿ ಸಲವೂ ಅದೇ ಯಂತ್ರದಲ್ಲಿ ಅಳೆಯಬೇಕು. ತಿಂಗಳಿಗೊಮ್ಮೆ ಅಳೆದರೆ ಸಾಕು. ಒಂದೊಂದು ಅಂಕಿಗಿಂತ ನಾಲ್ಕಾರು ತಿಂಗಳ ಒಲವು ಎತ್ತ ಸಾಗಿದೆ ಎಂಬುದೇ ಮುಖ್ಯ.

ಉಪವಾಸದ ಮೊದಲ ವಾರದಲ್ಲಿ ಎರಡು-ಮೂರು ಕಿಲೋ ಇಳಿದರೆ ಹಿಗ್ಗಬೇಕಾಗಿಲ್ಲ. ಸ್ನಾಯು ಹಾಗೂ ಯಕೃತ್ತಿನಲ್ಲಿ ಕೂಡಿಟ್ಟ ಶರ್ಕರವು ತನ್ನ ತೂಕದ ಸುಮಾರು ಮೂರು ಪಾಲು ನೀರನ್ನು ಹಿಡಿದಿರುತ್ತದೆ. ಮೊದಲು ಹೋಗುವುದು ಅದೇ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯಿರುತ್ತದೆ. ಅದು ಒಂದೆರಡು ದಿನಗಳಲ್ಲಿ ಕರಗುವ ವಸ್ತುವಲ್ಲ. ವಾರಕ್ಕೆ ಅರ್ಧದಿಂದ ಒಂದು ಕಿಲೋದವರೆಗೆ ಇಳಿಯುವುದೇ ಹಿತವಾದ ನಡೆ.

ಸ್ನಾಯುವನ್ನು ಉಳಿಸಿಕೊಳ್ಳಲು ಎರಡೇ ಉಪಾಯ: ಸಾಕಷ್ಟು ಸಸಾರಜನಕ ಮತ್ತು ಮೈಗೆ ದುಡಿಮೆ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಸಸ್ಯಾಹಾರಿಗಳಾದ ನಾವು ಹೆಸರು, ಮಡಕೆ, ಅಲಸಂದಿ, ಕಡಲೆಗಳನ್ನೂ ಮಜ್ಜಿಗೆ-ಮೊಸರುಗಳನ್ನೂ ಬಿಟ್ಟರೆ ಮತ್ತಾವುದರಿಂದ ಅದನ್ನು ಪಡೆಯೋಣ? ಕಡಿಮೆ ಮಾಡಬೇಕಾದುದು ಕರಿದ ತಿಂಡಿ, ಸಿಹಿ ಮತ್ತು ಅತಿಯಾದ ಎಣ್ಣೆ, ಕಾಳುಗಳನ್ನಲ್ಲ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಆಹಾರವನ್ನು ಬದಲಿಸಬೇಕು.

ಅತ್ತಿಗೆಯವರ ಮುಂದಿನ ಆರು ತಿಂಗಳು

ವೈದ್ಯರ ಮಾತಿನಂತೆ ಅತ್ತಿಗೆಯವರು ಎರಡು ಹೊತ್ತೂ ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಮೊಸರು ಉಣ್ಣತೊಡಗಿದರು. ಬೆಳಿಗ್ಗೆ ನಡಿಗೆ, ಸಂಜೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವ ಅಭ್ಯಾಸ. ಆರು ತಿಂಗಳಲ್ಲಿ ತೂಕ ಇಳಿದದ್ದು 2 ಕಿಲೋ ಮಾತ್ರ. “ಇಷ್ಟು ದುಡಿದರೂ ಎರಡೇ ಕಿಲೋ ಏನ್ರಿ?” ಎಂದು ಅವರು ಬೇಸರಿಸಿದರು. ವೈದ್ಯರು ಪರೀಕ್ಷೆಯ ಚೀಟಿಯನ್ನು ಅವರ ಮುಂದಿಟ್ಟರು. 62 ಕಿಲೋ ತೂಕದಲ್ಲಿ ಕೊಬ್ಬು ಸುಮಾರು 22 ಕಿಲೋ. ಕೊಬ್ಬು 3 ಕಿಲೋ ಕಳೆದು, ಉಳಿದ ಭಾಗ 1 ಕಿಲೋ ಕೂಡಿತ್ತು. ಮೊದಲ ಸಲ 6 ಕಿಲೋ ಇಳಿದಾಗ ಕರಗಿದ್ದ ಕೊಬ್ಬೂ 3 ಕಿಲೋ. ಈಗ 2 ಕಿಲೋ ಇಳಿದಾಗ ಕರಗಿದ್ದೂ ಅಷ್ಟೇ. ವ್ಯತ್ಯಾಸವೆಂದರೆ ಈ ಸಲ ಬಲ ಉಳಿದಿತ್ತು.

ಈಗ ಅತ್ತಿಗೆಯವರು ಗೋಡೆಯ ಆಸರೆಯಿಲ್ಲದೆ ಏಳುತ್ತಾರೆ. ಮನೆಗೆ ಬಂದವರು ಮಾತ್ರ ಹಿಂದಿನಂತೆ ಹೊಗಳುವುದಿಲ್ಲ; ಎರಡು ಕಿಲೋ ಇಳಿದುದು ಯಾರ ಕಣ್ಣಿಗೆ ಕಂಡೀತು? ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಯಾರಾದರೂ ಸೊರಗಿದಂತೆ ಕಂಡರೆ, “ಎಷ್ಟು ಇಳಿದಿರಿ?” ಎಂದು ಕೇಳುವ ಮೊದಲು “ಮೈಯಲ್ಲಿ ಶಕ್ತಿ ಹೇಗಿದೆ?” ಎಂದು ಕೇಳೋಣ. ಅತ್ತಿಗೆಯವರನ್ನು ಹೊಗಳುವ ಅವಸರದಲ್ಲಿ ನಾವು ಮೂರು ತಿಂಗಳು ಆ ಪ್ರಶ್ನೆಯನ್ನು ಮರೆತಿದ್ದೆವು.