ಹಾಡಿಗೆ ತಿಂಗಳ ಚಂದಾ

ನಿಮ್ಮ ಊರಲ್ಲಿ ಭಜನಾ ಮೇಳ ಇದೆಯಾ? ಮೇಳದ ಹಾಡನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದಾರಾ? ಹಾಗಿದ್ದರೆ ಪುಣೆ, ಮುಂಬೈಗೆ ದುಡಿಯಲು ಹೋದ ನಿಮ್ಮೂರವರೂ ಅದನ್ನು ಕೇಳುತ್ತಿರಬಹುದು. ಅವರಲ್ಲಿ ನಾಲ್ಕು ಮಂದಿ, "ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ, ಹಾಡೋದು ಬಿಡಬ್ಯಾಡ್ರಿ" ಅಂದರೆ? ಅದೇ ಚಂದಾ. ಪೇಪರಿಗೆ ಚಂದಾ ಕಟ್ಟಿದ ಹಾಗೆ.

ಈ ಚಂದಾ ಕೂಡಿಸಿ ಕೊಡುವ ಕಂಪನಿಗಳಿವೆ. ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಅಂಗಡಿ ಹಾಕುವವರು ಮೊದಲು ಜಾಗದ ಬಾಡಿಗೆ ಕೇಳುತ್ತಾರೆ. ನೀವೂ ಹಾಗೇ ಕೇಳಿರಿ.

ಯೂಟ್ಯೂಬಿನಲ್ಲಿ ಹಣ ಕಟ್ಟಿ ಸದಸ್ಯರಾಗುವ ಸೌಲಭ್ಯ ಇದೆ. ತೆರಿಗೆ ಕಳೆದು 100 ರೂಪಾಯಿ ಉಳಿದರೆ 70 ನಿಮಗೆ, 30 ಕಂಪನಿಗೆ. ಐಫೋನಿನಲ್ಲಿ ಕಟ್ಟಿದರೆ ಆಪಲ್ ಕಂಪನಿಯ ಪಾಲು ಅದಕ್ಕೂ ಮೊದಲೇ ಹೋಗುತ್ತದೆ. ಚಾನೆಲ್ಲಿಗೆ ಕಡಿಮೆ ಅಂದರೆ 500 ಸಬ್‌ಸ್ಕ್ರೈಬರ್ ಬೇಕು. ಜನ ಎಷ್ಟು ತಾಸು ನೋಡಿದರು ಅನ್ನುವ ಲೆಕ್ಕವೂ ಇದೆ. (ಸಬ್‌ಸ್ಕ್ರೈಬ್ ಒತ್ತುವುದಕ್ಕೆ ದುಡ್ಡಿಲ್ಲ. ಅದು ಚಂದಾ ಅಲ್ಲ.) ಇನ್ನೊಂದು ಮಾತು. ನಿಮ್ಮ ಲೆಕ್ಕದಲ್ಲಿ 100 ಡಾಲರ್ ಕೂಡುವ ತನಕ ಹಣ ಬ್ಯಾಂಕಿಗೆ ಬರುವುದಿಲ್ಲ. ಈ ತಿಂಗಳು ಕೂಡದಿದ್ದರೆ ಮುಂದಿನ ತಿಂಗಳಿಗೆ ಸೇರುತ್ತದೆ. ಸಣ್ಣ ಮೇಳಕ್ಕೆ ಕಾಯುವುದೇ ಕೆಲಸ ಆದೀತು.

ಪೇಟ್ರಿಯಾನ್ ಅಂತ ಇನ್ನೊಂದಿದೆ. 2013ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಶುರು ಮಾಡಿದ ಇಬ್ಬರಲ್ಲಿ ಜ್ಯಾಕ್ ಕಾಂಟಿ ಸ್ವತಃ ಸಂಗೀತಗಾರ. 2025ರ ಆಗಸ್ಟಿನಿಂದ ಹೊಸಬರಿಗೆ ಅದರ ಪಾಲು ನೂರಕ್ಕೆ 10. ಹಣ ಸಾಗಿಸುವ ಖರ್ಚು ಬೇರೆ. ಆದರೆ ಚಂದಾದಾರರ ಇಮೇಲ್ ವಿಳಾಸ ನಿಮಗೆ ಸಿಗುತ್ತದೆ. ಯೂಟ್ಯೂಬಿನಲ್ಲಿ ಸಿಗುವುದಿಲ್ಲ. ನಾಳೆ ಚಾನೆಲ್ ಮುಚ್ಚಿದರೆ ನಿಮ್ಮ ಜನರನ್ನು ಎಲ್ಲಿ ಹುಡುಕುತ್ತೀರಿ? ನನ್ನ ಮಟ್ಟಿಗೆ ಇದು ಬಾಡಿಗೆಗಿಂತ ದೊಡ್ಡ ಮಾತು. ಆದರೂ ನಿಮ್ಮ ಕೇಳುಗರಿಗೆ ಅಲ್ಲಿ ಹಣ ಕಟ್ಟಲು ಬರಬೇಕಲ್ಲ! ಆರಿಸುವ ಮೊದಲು ಒಬ್ಬ ಅಭಿಮಾನಿಯಿಂದ ಕಟ್ಟಿಸಿ ನೋಡಿರಿ.

ಕೊಡುವವರು ಹತ್ತಿಪ್ಪತ್ತು ಮಂದಿ ಇದ್ದರೆ ಎರಡೂ ಬೇಡ. ಯುಪಿಐ ಸಾಕು. ಒಬ್ಬರು ಇನ್ನೊಬ್ಬರಿಗೆ ಕಳಿಸಿದರೆ ಪಾಲು ಹೋಗುವುದಿಲ್ಲ. ಆದರೆ ತಿಂಗಳಾ ತಿಂಗಳಾ ನೆನಪು ಮಾಡುವ ಕೆಲಸ ನಿಮ್ಮದೇ. ಯುಪಿಐ ವಿಳಾಸದಲ್ಲಿ ಫೋನ್ ನಂಬರ್ ಇದ್ದರೆ ಅದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿರಿ. ಹೆಣ್ಣುಮಕ್ಕಳ ಮೇಳವಂತೂ ಹಾಕಲೇಬಾರದು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. "ಚಂದಾ ಕಳಿಸ್ತೀನಿ, ಪಿನ್ ಹಾಕ್ರಿ" ಅಂದವನು ಕಳ್ಳ. ಖಾತೆ ತೆರೆಯಲು ಫೀ ಕೇಳಿದವನೂ ಅಷ್ಟೇ. ಯೂಟ್ಯೂಬಿಗಾಗಲಿ ಪೇಟ್ರಿಯಾನಿಗಾಗಲಿ ಸೇರುವ ಫೀ ಇಲ್ಲ.

ಇನ್ನು ಹೆಸರಿನ ಮಾತು. ಎಷ್ಟೋ ಮನೆಗಳಲ್ಲಿ ಚಾನೆಲ್ ತೆರೆಯುವವನು ಅಳಿಯ ಅಥವಾ ಪಕ್ಕದ ಮನೆಯ ಹುಡುಗ. ಇಮೇಲ್ ಅವನದು, ಬ್ಯಾಂಕ್ ಖಾತೆಯೂ ಅವನದು. ಹಾಡುವವರು ನೀವು, ಹಣ ಹೋಗುವುದು ಅವನಿಗೆ. ಅವನು ಒಳ್ಳೆಯವನೇ ಇರಬಹುದು. ಹೊಲ ಕೊಳ್ಳುವಾಗ ಸಾತ್‌ಬಾರಾದಲ್ಲಿ ಯಾರ ಹೆಸರಿದೆ ಅಂತ ನೋಡುತ್ತೀರಲ್ಲ, ಇಲ್ಲೂ ನೋಡಿರಿ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು, ಖಾತೆ ನಂಬರ್ ಬೆರಳಿಟ್ಟು ಓದಿರಿ. ಈಗ ನಿಮಗೆ ಓದಲು ಬರುತ್ತದೆ. ಪಾಸ್‌ವರ್ಡನ್ನು ನಿಮ್ಮ ವಹಿಯಲ್ಲಿ ನೀವೇ ಬರೆದು ಪೆಟ್ಟಿಗೆಯಲ್ಲಿಡಿರಿ.

ಚಂದಾ ಕೊಟ್ಟವರಿಗೆ ಏನು ಕೊಡುತ್ತೀರಿ? ತತ್ವಪದಗಳನ್ನು ಬೀಗ ಹಾಕಿ ಇಡುವುದು ನನಗೆ ಸರಿ ಕಾಣದು. ಅವು ಎಲ್ಲರ ಪದಗಳು. ಏಕತಾರಿ ಶ್ರುತಿ ಮಾಡುವುದು ಹೇಗೆ, ತಾಳ ಹಿಡಿಯುವುದು ಹೇಗೆ ಅಂತ ಕಲಿಸುವ ವಿಡಿಯೋ ಚಂದಾದಾರರಿಗೆ ಇಡಬಹುದು. ತಿಂಗಳಿಗೆ ನಾಲ್ಕು ಅಂತ ಮಾತು ಕೊಡಬೇಡಿರಿ. ಜೋಳದ ಸುಗ್ಗಿಯಲ್ಲಿ ಯಾರಿಗೆ ಪುರುಸೊತ್ತು? ಆ ತಿಂಗಳು ಒಂದೇ ಅಂತ ಮೊದಲೇ ಹೇಳಿಬಿಡಿರಿ.