ಬಕೆಟ್ ಹಿಡಿದು ಬಂದ ಮಕ್ಕಳು

ಬೋರ್‌ವೆಲ್ ಲಾರಿಯವನಿಗೆ ಮುಂಗಡ ಕೊಟ್ಟು ಬಂದ ಮರುದಿನವೇ ನಮ್ಮ ಮನೆಯಂಗಳಕ್ಕೆ ಮಕ್ಕಳ ದಂಡು ಬಂತು. ಒಬ್ಬನ ಕೈಯಲ್ಲಿ ಹತ್ತು ಲೀಟರಿನ ಬಕೆಟ್, ಒಬ್ಬಳ ಕೈಯಲ್ಲಿ ನೋಟ್‌ಪುಸ್ತಕ, ಎಲ್ಲರ ತಲೆಯ ಮೇಲೂ ಅಡಿಕೆ ಹಾಳೆಯ ಟೊಪ್ಪಿ.

"ಮಾವ, ನಿಮ್ಮ ಸುರಂಗದ ನೀರು ಅಳೆಯಲಿಕ್ಕೆ ಬಂದದ್ದು" ಎಂದಳು ಮುಂದಿದ್ದ ಹುಡುಗಿ.

"ಅಳೆಯುವಷ್ಟು ಅದರಲ್ಲಿ ಎಂತ ಉಂಟು ಮಗಾ?"

"ಉಂಟಾ ಇಲ್ವಾ ಅಂತ ನೋಡ್ಲಿಕ್ಕೇ ಬಂದದ್ದು."

ನನಗೆ ಉತ್ತರ ಹೊಳೆಯಲಿಲ್ಲ. ಸುರಂಗದ ದಾರಿ ತೋರಿಸಿದೆ.

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪಂಚಾಯತ್ ಕಚೇರಿಯಲ್ಲಿ ಮಲಯಾಳ. ಊರಿನ ಗ್ರಂಥಾಲಯ ಒಂದು ಹಂಚಿನ ಕಟ್ಟಡ. ಕೇರಳದಲ್ಲಿ ಇಂಥ ಗ್ರಂಥಾಲಯ ಇಲ್ಲದ ಊರು ಅಪರೂಪ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಕೆಲವೇ ಗ್ರಂಥಾಲಯಗಳನ್ನು ಸೇರಿಸಿಕೊಂಡು ಶುರುಮಾಡಿದ ಚಳವಳಿ ಇದು. 1989ರ ಕಾಯ್ದೆ ಬಂದ ಮೇಲೆ ನಾವು ಕಟ್ಟುವ ಕಟ್ಟಡ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದೆ. ಅಂದರೆ ಅಲ್ಲಿನ ಬೆಂಚು, ಕಪಾಟಿನಲ್ಲಿ ನಮ್ಮ ಪಾಲೂ ಉಂಟು. ಆದರೆ ಪೇಪರ್ ಓದುವುದಕ್ಕೆ ಬಿಟ್ಟರೆ ನಾನು ಆ ಕಡೆ ಹೋದವನಲ್ಲ. ಬಿಸು ಹಬ್ಬ ಕಳೆದ ಮೇಲೆ ಅಲ್ಲಿನ 'ಬಾಲವೇದಿ'ಯವರು ಐದು ದಿನದ ಶಿಬಿರ ಮಾಡುತ್ತಾರೆಂದು ಕೇಳಿದ್ದೆ. ರಜೆಯಲ್ಲಿ ಮಕ್ಕಳು ಮೊಬೈಲ್ ಬಿಟ್ಟು ಕೂತರೆ ಸಾಕು ಎಂದಷ್ಟೇ ಅಂದುಕೊಂಡಿದ್ದೆ.

ಹಾಳೆಗೆ ಮೂರು ಹೆಸರು

ಬಕೆಟ್ ಪ್ರಸಂಗದ ಮರುದಿನ ಕುತೂಹಲ ತಡೆಯದೆ ನಾನೂ ಶಿಬಿರಕ್ಕೆ ಹೋದೆ. ಮೊದಲ ಎರಡು ದಿನ ಕೈಕೆಲಸವಂತೆ. ತೋಟದಲ್ಲಿ ಬಿದ್ದ ಹಾಳೆಯಿಂದ ಟೊಪ್ಪಿ, ಬೀಸಣಿಗೆ. ತೆಂಗಿನ ಗರಿಯಿಂದ ಪೀಪಿ, ಗಿರಗಿಟ್ಟಿ. ಕಲಿಸಿದವರು ಊರಿನ ಅಜ್ಜಿಯಂದಿರು. ಅಂಗಡಿಯಿಂದ ತಂದದ್ದು ಬಣ್ಣ ಮತ್ತು ಕಾಗದ ಮಾತ್ರ.

ಮಾಡಿದ ಪ್ರತಿಯೊಂದು ವಸ್ತುವಿಗೂ ಚೀಟಿ ಅಂಟಿಸಬೇಕು, ಚೀಟಿಯಲ್ಲಿ ಮೂರು ಹೆಸರು ಬರೆಯಬೇಕು. ಕನ್ನಡದಲ್ಲಿ ಹಾಳೆ, ತುಳುವಿನಲ್ಲಿ ಪಾಳೆ, ಮಲಯಾಳದಲ್ಲಿ ಪಾಳ. ಕನ್ನಡ ಶಾಲೆಯ ಮಕ್ಕಳೂ ಮಲಯಾಳ ಶಾಲೆಯ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತು ಒಬ್ಬರಿಗೊಬ್ಬರು ಕೇಳಿ ಬರೆಯುತ್ತಿದ್ದರು. ಶಾಲೆಯಲ್ಲಿ ಯಾವ ಭಾಷೆ, ಕಚೇರಿಯಲ್ಲಿ ಯಾವ ಭಾಷೆ ಎಂಬ ತಕರಾರು 1956ರಿಂದಲೂ ನಮ್ಮ ಬೆನ್ನಿಗಿದೆ. ಅದು ಸಣ್ಣ ವಿಷಯವೆಂದು ನಾನು ಹೇಳಲಾರೆ. ಆದರೆ ಆ ಚಾಪೆಯ ಮೇಲೆ ಒಂದು ಮಾತು ನನಗೆ ಸ್ಪಷ್ಟವಾಯಿತು. ವಸ್ತು ಕೈಯಲ್ಲಿ ಇದ್ದರೆ ಅದರ ಹೆಸರೂ ಬಾಯಲ್ಲಿ ಇರುತ್ತದೆ. ವಸ್ತುವೇ ಹೋದರೆ ಮೂರು ಭಾಷೆಯಲ್ಲೂ ಹೆಸರು ಹೋಗುತ್ತದೆ.

ದೀಪ ನಂದಿದರೆ ಹೊರಗೆ ಬಾ

ಹಾಗೆ ಹೋಗುತ್ತಿರುವ ವಸ್ತುಗಳಲ್ಲಿ ನಮ್ಮ ಸುರಂಗವೂ ಒಂದು. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಇದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿದ ಬಾವಿ. ಮುರಕಲ್ಲಿನ ಗುಡ್ಡದಲ್ಲಿ ಸುಮಾರು ಎರಡಡಿ ಅಗಲ, ಆರಡಿ ಎತ್ತರಕ್ಕೆ, ನೀರಿನ ಒಸರು ಸಿಗುವವರೆಗೆ ಕೊರೆಯುತ್ತಾ ಹೋಗುವುದು. ಕೆಲವು ನೂರಾರು ಅಡಿ ಉದ್ದ. ಒಳಗೆ ಮಣ್ಣಿನ ಸಣ್ಣ ಕಟ್ಟೆ, ಅದರಿಂದ ಕೊಳವೆ, ಹೊರಗೆ ಒಂದು ಟಾಂಕಿ. ನೀರು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ನಮ್ಮೂರಲ್ಲಿ ಸುರಂಗ ತೋಡುವ ಕೆಲಸ ಬಲ್ಲವರು ಈಗ ಒಬ್ಬ ಅಜ್ಜ ಮಾತ್ರ. ಅವರೇ ಅವತ್ತಿನ ಮಾಷ್ಟ್ರು. ಹುತ್ತ ನೋಡುವುದು ಹೇಗೆ, ಬೇಸಿಗೆಯಲ್ಲೂ ಹಸಿರು ಬಿಡದ ಮರ ಯಾವ ಸುಳಿವು ಕೊಡುತ್ತದೆ ಎಂದು ತುಳುವಿನಲ್ಲಿ ವಿವರಿಸಿದರು. ಒಬ್ಬ ಅಗೆಯಬೇಕು, ಇನ್ನೊಬ್ಬ ಮಣ್ಣು ಹೊರಬೇಕು. ಬೆಳಕಿಗೆ ಮೇಣದಬತ್ತಿ. ಆ ಬತ್ತಿ ಬರೀ ಬೆಳಕಿಗಲ್ಲ, ಜೀವಕ್ಕೆ. "ಬತ್ತಿ ನಂದಿತೋ, ಒಳಗೆ ಗಾಳಿ ಇಲ್ಲ ಅಂತ ಲೆಕ್ಕ. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರ್ಬೇಕು. ಪಿಕ್ಕಾಸು ನಾಳೆ ತರ್ಬಹುದು" ಎಂದರು. ಮಕ್ಕಳನ್ನು ಸುರಂಗದ ಬಾಯಿಯಿಂದ ಆಚೆ ಅವರು ಬಿಡಲಿಲ್ಲ.

ಆಮೇಲೆ ಎಲ್ಲರೂ ಗುಡ್ಡದ ಮೇಲಿನ ಪದವಿಗೆ ಹತ್ತಿದರು. ಮಳೆಗಾಲದಲ್ಲಿ ಪುಟ್ಟ ಹೂಗಳಿಂದ ತುಂಬುವ ಆ ಬಯಲು ಏಪ್ರಿಲಿನಲ್ಲಿ ಕಾದ ಕಾವಲಿ. ಒಂದು ಹುಡುಗ ಬರೀ ಪಾದೆಯ ಮೇಲೆ ಒಂದು ಬಾಟ್ಲಿ ನೀರು ಹೊಯ್ದ, ತರಗೆಲೆ ತುಂಬಿದ ಮರದ ಬುಡಕ್ಕೆ ಇನ್ನೊಂದು ಬಾಟ್ಲಿ. ಮೊದಲನೆಯದು ಹರಿದುಹೋಯಿತು, ಎರಡನೆಯದು ನಿಂತಲ್ಲೇ ಇಂಗಿತು. ಇಷ್ಟೇ ಪಾಠ. ಕೆಂಪುಕಲ್ಲಿನ ಕೋರೆಗೆ ಪದವನ್ನು ಕೊಟ್ಟವರು, ಮೇಲಿನ ಕಾಡು ಸವರಿದವರು, ಕೆಳಗೆ ಸುರಂಗ ಬತ್ತಿತೆಂದು ದೂರುವವರು ಎಲ್ಲರೂ ನಾವೇ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಲೆಕ್ಕ ತಪ್ಪಲಿಲ್ಲ

ಇನ್ನು ನನ್ನ ಸುರಂಗದ ಸಂಗತಿ. ಹತ್ತು ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷ ಹಿಡಿಯಿತು. ನಾನು ನಕ್ಕೆ. ಹುಡುಗಿ ನಗಲಿಲ್ಲ, ಗುಣಿಸಿದಳು. ರಾತ್ರಿ ಹಗಲು ಹರಿದರೆ ದಿನಕ್ಕೆ 1,600 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 20ರಂತೆ ಹಿಡಿದರೂ 80 ಮರದ ನೀರು! ಅದು ಟಾಂಕಿಯ ಬಿರುಕಿನಿಂದ ತೋಡಿಗೆ ಹೋಗುತ್ತಿತ್ತು. ನಾನು ಅದನ್ನು 'ಬತ್ತಿದ ಸುರಂಗ' ಎಂದು ಕರೆಯುತ್ತಿದ್ದೆ.

ಮತ್ತೊಂದು ಲೆಕ್ಕ ಬೋರ್ಡಿನ ಮೇಲೆ ನಡೆಯಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ಮಾಡಿನ ಮೇಲೆ ಬೀಳುವ ನೀರೆಷ್ಟು? ಸುಮಾರು ಮೂರೂಕಾಲು ಲಕ್ಷ ಲೀಟರ್. ಇಷ್ಟು ಮಳೆ ಬರುವ ಊರಿನಲ್ಲಿ ಮಾರ್ಚಿಗೇ ನೀರಿಗೆ ಪರದಾಟ ಯಾಕೆ ಎಂದು ಒಬ್ಬ ಪುಟ್ಟ ಹುಡುಗ ಕೇಳಿದಾಗ ದೊಡ್ಡವರ ಕಡೆಯಿಂದ ಉತ್ತರ ಬರಲಿಲ್ಲ.

ಐದನೆಯ ದಿನ ಗ್ರಂಥಾಲಯದ ಗೋಡೆಯ ಮೇಲೆ ಊರಿನ ನೀರಿನ ನಕ್ಷೆ ಮೂಡಿತು. ನೀರಿರುವ ಸುರಂಗಕ್ಕೆ ನೀಲಿ ಚುಕ್ಕಿ, ಬತ್ತಿದ್ದಕ್ಕೆ ಕೆಂಪು, ಬೋರ್‌ವೆಲ್ಲಿಗೆ ಕಪ್ಪು. ಕಪ್ಪು ಚುಕ್ಕಿಗಳ ನೆರೆಯಲ್ಲಿ ಕೆಂಪು ಚುಕ್ಕಿಗಳು ಗುಂಪುಗೂಡಿದ್ದನ್ನು ಎಲ್ಲರೂ ನೋಡಿದರು. ಅದಕ್ಕೆ ಬೋರ್‌ವೆಲ್ಲೇ ಕಾರಣವೋ, ಕೋರೆಯೋ, ಹೂಳೋ ಎಂದು ಒಂದು ನಕ್ಷೆಯಿಂದ ತೀರ್ಮಾನಿಸಲಾಗದು. ಆದರೆ ಯೋಚನೆ ಮಾಡದೆ ಇರಲಿಕ್ಕೂ ಆಗುವುದಿಲ್ಲ. ನನ್ನ ಚುಕ್ಕಿಗೆ ಮಕ್ಕಳು ನೀಲಿ ಬಳಿದಿದ್ದರು.

ನಾನು ಲಾರಿಯವನಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದೆ. "ಮುಂಗಡ ವಾಪಸ್ಸಿಲ್ಲ, ಬರುವ ವರ್ಷ ನೋಡುವ" ಎಂದ. ಆಗಲಿ. ಅಜ್ಜನನ್ನೂ ಅವರ ಮೊಮ್ಮಗನನ್ನೂ ಕರೆದು ಸುರಂಗದ ಬೇರು, ಹೂಳು ತೆಗೆಸಿ, ಒಳಗಿನ ಕಟ್ಟೆ ಸರಿಮಾಡಿಸಿ, ಟಾಂಕಿಗೆ ಸಿಮೆಂಟ್ ಹಾಕಿಸಿದೆ. ಮೊಮ್ಮಗ ಅವತ್ತು ಮೊದಲ ಬಾರಿಗೆ ಬತ್ತಿ ಹಿಡಿದು ಅಜ್ಜನ ಹಿಂದೆ ಒಳಗೆ ಹೋದ. ಇಡೀ ತೋಟಕ್ಕೆ ಈ ನೀರು ಸಾಲದು, ನಿಜ. ಬೋರ್‌ವೆಲ್ ಬೇಡವೇ ಬೇಡ ಎಂದು ಹೇಳುವ ಧೈರ್ಯವೂ ನನಗಿಲ್ಲ. ಇರುವುದನ್ನು ಅಳೆಯದೆ ಇಲ್ಲದ್ದಕ್ಕೆ ಸಾಲ ಮಾಡಬಾರದು ಎಂಬುದಷ್ಟೇ ನಾನು ಕಲಿತದ್ದು.

ಮಡಕಶಿರಾದಲ್ಲಿ ಕೆರೆ, ಜತ್ತದಲ್ಲಿ ಬಾವಿ, ನಮ್ಮಲ್ಲಿ ಸುರಂಗ. ಎಲ್ಲಿಯಾದರೂ ಈ ಶಿಬಿರ ಮಾಡಬಹುದು. ಬಾವಿಗಾದರೆ ಗಂಟು ಹಾಕಿದ ಹಗ್ಗ ಸಾಕು. ಒಂದು ಬಕೆಟ್, ಒಂದು ಪುಸ್ತಕ, ಊರಿನ ಒಬ್ಬ ಅಜ್ಜ, ಮತ್ತೆ ಮಕ್ಕಳು.

ನಮ್ಮ ಗ್ರಂಥಾಲಯದಲ್ಲಿ ಈಗ ನೀರಿನದ್ದೇ ಒಂದು ದಾಖಲೆ ಪುಸ್ತಕ ಉಂಟು. ಮಳೆ ಹಿಡಿಯುವ ಮೊದಲು ಹುಡುಗಿ ಬಕೆಟ್ ಹಿಡಿದು ಮತ್ತೆ ಬಂದಳು. "ಆರು ನಿಮಿಷ ಅಂತ ಬರಿ ಮಗಾ" ಎಂದೆ ಹೆಮ್ಮೆಯಿಂದ.

"ಆರು ನಿಮಿಷ ಹತ್ತು ಸೆಕೆಂಡ್, ಮಾವ" ಎಂದು ಬರೆದುಕೊಂಡಳು.